ಮೂವತ್ತೊಂದನೇ ತಾರೀಖಿನ ಕಂತು ಇಪ್ಪತ್ತೊಂಬತ್ತಕ್ಕೆ ಇಳಿದದ್ದು ಹೇಗೆ? ಎಸ್‌ಕ್ಯೂಎಲ್‌ನಲ್ಲಿ ಆರಂಭದಿಂದ ಮುಕ್ತಾಯದವರೆಗೆ ಅವಧಿಗಳನ್ನು ಹುಟ್ಟಿಸುವ ಬಗ್ಗೆ

ಹಾಲಿನ ಲೆಕ್ಕ, ಕೋಲಾರ

ಎಲ್ಲರಿಗೂ ನಮಸ್ಕಾರ. ನಮ್ಮ ತಾಲ್ಲೂಕಿನ ಒಂದು ಹಾಲು ಉತ್ಪಾದಕರ ಸಂಘದ ಲೆಕ್ಕಪತ್ರದ ತಂತ್ರಾಂಶವನ್ನು ನಾನು ನೋಡಿಕೊಳ್ಳುತ್ತಿದ್ದೇನೆ. ಹಸು ಕೊಳ್ಳಲು ಸದಸ್ಯರು ಪಡೆದ ಸಾಲದ ಕಂತನ್ನು ಅವರ ಹಾಲಿನ ಬಟವಾಡೆಯಲ್ಲೇ ಮುರಿದುಕೊಳ್ಳುವ ಪದ್ಧತಿ ಇಲ್ಲಿದೆ. ಸಾಲದ ಕೋಷ್ಟಕದಲ್ಲಿ ಪ್ರತಿ ಸಾಲಕ್ಕೂ ಒಂದೇ ದಾಖಲೆ ಇದ್ದು, ಅದರಲ್ಲಿ ಸಾಲದ ಸಂಖ್ಯೆ, ಆರಂಭದ ದಿನಾಂಕ, ಮುಕ್ತಾಯದ ದಿನಾಂಕ ಮತ್ತು ಎಷ್ಟು ತಿಂಗಳಿಗೊಮ್ಮೆ ಕಂತು ಎಂಬ ಅಂಕಿ ಇವೆ. ಈ ಒಂದು ದಾಖಲೆಯಿಂದ ಕಂತಿನ ಅವಧಿಗಳನ್ನೆಲ್ಲ ಹುಟ್ಟಿಸಿಕೊಳ್ಳಬೇಕು.

ಪೋಸ್ಟ್‌ಗ್ರೆಸ್ ಎಂಬ ಎಸ್‌ಕ್ಯೂಎಲ್ ಡೇಟಾಬೇಸ್ ಬಳಸುತ್ತಿರುವುದರಿಂದ, ಸಾಲಾಗಿ ಬೆಲೆಗಳನ್ನು ಹುಟ್ಟಿಸುವ ಜನರೇಟ್ ಸೀರೀಸ್ ಫಂಕ್ಷನ್‌ಗೆ ಆರಂಭ, ಮುಕ್ತಾಯ, ಒಂದು ತಿಂಗಳ ಇಂಟರ್ವಲ್ (ಕಾಲದ ಅಂತರ) ಈ ಮೂರನ್ನೂ ಕೊಟ್ಟು ಕೆಲಸ ಮುಗಿಯಿತೆಂದುಕೊಂಡಿದ್ದೆ. ಬಹುತೇಕ ಸಾಲಗಳಿಗೆ ಉತ್ತರ ಸರಿಯಾಗಿಯೇ ಬರುತ್ತಿತ್ತು. ಹಳೆಯ ಲೆಕ್ಕವನ್ನು ತಾಳೆ ನೋಡುತ್ತಿದ್ದ ದಿನ ವಯಸ್ಸಾದ ಸದಸ್ಯೆಯೊಬ್ಬರು ಪಾಸ್‌ಬುಕ್ ತಂದು ಮೇಜಿನ ಮೇಲೆ ಬಿಡಿಸಿಟ್ಟರು. ಸಾಲ ಪಡೆದದ್ದು 31-01-2024ರಂದು. ಅದರ ಕೆಳಗೆ ಮೊದಲ ಕಂತು 29-02-2024, ಎರಡನೆಯದು 29-03-2024, ಮೂರನೆಯದು 29-04-2024 ಎಂದು ಅಚ್ಚಾಗಿತ್ತು. ಎರಡನೇ ಕಂತಿನ ಮೇಲೆ ಬೆರಳಿಟ್ಟು, "ಮಾರ್ಚಿಗೆ ಮೂವತ್ತೊಂದು ದಿನ ಇದೆಯಲ್ಲಪ್ಪ, ಎರಡು ದಿನ ಮೊದಲೇ ಯಾಕೆ ಮುರ್ಕೊಂಡ್ರಿ?" ಎಂದು ಕೇಳಿದರು. ಆ ಹೊತ್ತಿಗೆ ನನ್ನಲ್ಲಿ ಉತ್ತರವಿರಲಿಲ್ಲ. ಫೆಬ್ರವರಿಯಲ್ಲಿ 29ಕ್ಕೆ ಇಳಿದದ್ದು ಅರ್ಥವಾಗುತ್ತದೆ. ಮಾರ್ಚಿನಲ್ಲಿ ಅದು ಮತ್ತೆ 31ಕ್ಕೆ ಏಕೆ ಏರಲಿಲ್ಲ?

ತೆಂಗಿನತೋಟ, ತುಮಕೂರು

ಆ ತಾಯಿ ಸರಿಯಾದ ಜಾಗದಲ್ಲೇ ಬೆರಳಿಟ್ಟಿದ್ದಾರೆ. ಜನರೇಟ್ ಸೀರೀಸ್ ಪ್ರತಿ ಹೆಜ್ಜೆಯಲ್ಲೂ ತಾನು ಹಿಂದೆ ಕೊಟ್ಟ ದಿನಾಂಕಕ್ಕೆ ಒಂದು ತಿಂಗಳು ಕೂಡಿಸುತ್ತದೆ. ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಿದರೆ ಫೆಬ್ರವರಿಯಲ್ಲಿ ಆ ತಾರೀಖು ಇಲ್ಲದ ಕಾರಣ 29 ಸಿಗುತ್ತದೆ. ಮುಂದಿನ ಹೆಜ್ಜೆಗೆ ಅದರ ಕೈಯಲ್ಲಿರುವುದು ಫೆಬ್ರವರಿ 29 ಮಾತ್ರ, ಮೂಲದಲ್ಲಿ 31 ಇತ್ತೆಂಬ ನೆನಪು ಎಲ್ಲಿಯೂ ಉಳಿದಿಲ್ಲ. ಹಾಗಾಗಿ ಮಾರ್ಚ್ 29, ಏಪ್ರಿಲ್ 29 ಎಂದು ಸಾಲ ತೀರುವವರೆಗೂ ಅದೇ ತಾರೀಖಿನಲ್ಲಿ ಸಾಗುತ್ತದೆ.

ತೋಟದಲ್ಲಿ ಸಸಿ ನೆಡಲು ಗುಣಿ ಗುರುತಿಸುವಾಗ ಇದೇ ತೊಂದರೆ ಬರುವುದನ್ನು ನಮ್ಮ ಕಡೆ ಎಲ್ಲರೂ ಕಂಡಿದ್ದಾರೆ. ಒಂದು ಗುಣಿಯಿಂದ ಮುಂದಿನ ಗುಣಿಗೆ ಅಳೆಯುತ್ತಾ ಹೋದರೆ, ನಡುವೆ ಎಲ್ಲೋ ಬಂಡೆ ಅಡ್ಡ ಬಂದು ಅರ್ಧ ಅಡಿ ಈಚೆಗೆ ತೋಡಿದ ತಕ್ಷಣ, ಆಮೇಲಿನ ಗುಣಿಗಳೆಲ್ಲ ಅರ್ಧ ಅಡಿ ಈಚೆಗೇ ಬೀಳುತ್ತವೆ. ಮೊದಲ ಗೂಟಕ್ಕೆ ಹಗ್ಗ ಕಟ್ಟಿ ಪ್ರತಿ ಗುಣಿಯನ್ನೂ ಆ ಗೂಟದಿಂದಲೇ ಅಳೆದರೆ ಬಂಡೆ ಇದ್ದ ಕಡೆಯ ಗುಣಿ ಮಾತ್ರ ಸರಿಯುತ್ತದೆ, ಉಳಿದವು ತಮ್ಮ ಜಾಗದಲ್ಲೇ ಇರುತ್ತವೆ.

ಕ್ವೆರಿಯಲ್ಲಿಯೂ (ಡೇಟಾಬೇಸಿಗೆ ಕೊಡುವ ಆಜ್ಞೆಯಲ್ಲಿಯೂ) ಹಾಗೆಯೇ ಮಾಡಬೇಕು. ಜನರೇಟ್ ಸೀರೀಸ್‌ಗೆ ದಿನಾಂಕಗಳ ಬದಲು ಪೂರ್ಣಾಂಕಗಳನ್ನು ಕೊಟ್ಟು ಸೊನ್ನೆ, ಒಂದು, ಎರಡು ಎಂಬ ಕ್ರಮಸಂಖ್ಯೆಗಳನ್ನು ಮೊದಲು ಹುಟ್ಟಿಸಿರಿ. ಆಮೇಲೆ ಪ್ರತಿ ಕ್ರಮಸಂಖ್ಯೆಯನ್ನು ಎಷ್ಟು ತಿಂಗಳಿಗೊಮ್ಮೆ ಎಂಬ ಅಂಕಿಯಿಂದಲೂ ಒಂದು ತಿಂಗಳ ಇಂಟರ್ವಲ್‌ನಿಂದಲೂ ಗುಣಿಸಿ, ಬಂದದ್ದನ್ನು ಸಾಲದ ಆರಂಭದ ದಿನಾಂಕಕ್ಕೇ ಕೂಡಿಸಿರಿ. ಜನವರಿ 31ಕ್ಕೆ ಎರಡು ತಿಂಗಳನ್ನು ಒಂದೇ ಸಲ ಕೂಡಿಸಿದರೆ ಮಾರ್ಚ್ 31 ಬರುತ್ತದೆ, ನಡುವಿನ ಫೆಬ್ರವರಿ ಅದನ್ನು ಮುಟ್ಟುವುದೇ ಇಲ್ಲ. ಕ್ರಮಸಂಖ್ಯೆ ಎಲ್ಲಿಯವರೆಗೆ ಹೋಗಬೇಕೆಂದು ತಿಳಿಯಲು ಎರಡು ದಿನಾಂಕಗಳ ವರ್ಷಗಳ ವ್ಯತ್ಯಾಸವನ್ನು 12ರಿಂದ ಗುಣಿಸಿ, ತಿಂಗಳುಗಳ ವ್ಯತ್ಯಾಸವನ್ನು ಕೂಡಿಸಿ, ಎಷ್ಟು ತಿಂಗಳಿಗೊಮ್ಮೆ ಎಂಬ ಅಂಕಿಯಿಂದ ಭಾಗಿಸಿರಿ. ಕೊನೆಯಲ್ಲಿ ಒಂದು ದಿನಾಂಕ ಮುಕ್ತಾಯವನ್ನು ದಾಟಿದ್ದರೆ ದಾಖಲೆಗಳನ್ನು ಸೋಸುವ ವೇರ್ ಷರತ್ತು ಅದನ್ನು ಬಿಟ್ಟುಬಿಡುತ್ತದೆ. ಇದನ್ನು, ಪ್ರತಿ ದಾಖಲೆಗೂ ಬೇರೆಯಾಗಿ ಲೆಕ್ಕ ಹಾಕಿ ಜೋಡಿಸುವ ಲ್ಯಾಟರಲ್ ಜಾಯಿನ್ ಮೂಲಕ ಸಾಲದ ಕೋಷ್ಟಕಕ್ಕೆ ಸೇರಿಸಿದರೆ, ಪ್ರತಿ ಸಾಲಕ್ಕೂ ಅದರದೇ ಆರಂಭ ಮತ್ತು ಅದರದೇ ಅಂತರ ಇದ್ದರೂ, ಎಲ್ಲ ಸಾಲಗಳ ಕಂತುಗಳು ಒಂದೇ ಕ್ವೆರಿಯಲ್ಲಿ ಹೊರಬರುತ್ತವೆ.

ಹಾಲಿನ ಲೆಕ್ಕ, ಕೋಲಾರ

ಗೂಟದ ಹೋಲಿಕೆಯಿಂದ ವಿಷಯ ಮನಸ್ಸಿಗೆ ಇಳಿಯಿತು, ಧನ್ಯವಾದಗಳು. ಕ್ವೆರಿಯನ್ನು ಹಾಗೆಯೇ ಬದಲಿಸಿ 30-06-2024ಕ್ಕೆ ಮುಗಿಯುವ ಆ ಸಾಲವನ್ನು ಹಾಕಿ ನೋಡಿದೆ. ಈಗ 31-01, 29-02, 31-03, 30-04, 31-05, 30-06 ಎಂದು ಸರಿಯಾಗಿ ಬರುತ್ತಿದೆ. ಆದರೆ ಇವು ಆರಂಭದ ದಿನಾಂಕಗಳು ಮಾತ್ರ. ಬಡ್ಡಿ ಲೆಕ್ಕಕ್ಕೆ ಪ್ರತಿ ಅವಧಿಯ ಕೊನೆಯ ದಿನವೂ ಬೇಕು. ಮುಂದಿನ ಆರಂಭದ ಹಿಂದಿನ ದಿನವನ್ನು ಕೊನೆಯೆಂದು ಹಿಡಿದಾಗ 30-06ರಿಂದ 30-06ರವರೆಗೆ ಎಂಬ ಒಂದೇ ದಿನದ ಆರನೇ ಅವಧಿ ಹುಟ್ಟಿಕೊಂಡಿತು. ಐದು ಕಂತಿನ ಸಾಲಕ್ಕೆ ಆರನೇ ಅವಧಿ ಇರಲಾಗದು.

ತೆಂಗಿನತೋಟ, ತುಮಕೂರು

ಮುಕ್ತಾಯದ ದಿನಾಂಕವನ್ನು ಅವಧಿಯ ಒಳಗೆ ಸೇರಿಸಬೇಕೇ ಬೇಡವೇ ಎಂಬುದನ್ನು ಕ್ವೆರಿ ಬರೆಯುವ ಮೊದಲೇ ತೀರ್ಮಾನಿಸಿಕೊಳ್ಳಬೇಕು. ಆರಂಭದ ದಿನ ಒಳಗೆ, ಕೊನೆಯ ದಿನ ಹೊರಗೆ ಎಂದು ಇಟ್ಟುಕೊಳ್ಳುವುದು ನನ್ನ ಅನುಭವದಲ್ಲಿ ಅತ್ಯಂತ ಕಡಿಮೆ ತೊಂದರೆಯ ದಾರಿ. ಆಗ ಒಂದು ಅವಧಿಯ ಕೊನೆಯೇ ಮುಂದಿನ ಅವಧಿಯ ಆರಂಭವಾಗುತ್ತದೆ, ಅದೇ ನಿಮ್ಮ ಕಂತು ಕಟ್ಟುವ ದಿನವೂ ಆಗುತ್ತದೆ. ವೇರ್ ಷರತ್ತಿನಲ್ಲಿ "ಮುಕ್ತಾಯಕ್ಕಿಂತ ಕಡಿಮೆ ಅಥವಾ ಸಮ" ಎಂದಿರುವ ಕಡೆ "ಕಡಿಮೆ" ಎಂದಷ್ಟೇ ಬರೆದರೆ ಆರನೇ ಅವಧಿ ತಾನಾಗಿಯೇ ಬಿದ್ದುಹೋಗುತ್ತದೆ. ಉಳಿದ ಐದು ಅವಧಿಗಳ ದಿನಗಳು 29, 31, 30, 31, 30. ಕೂಡಿಸಿದರೆ 151. ಮುಕ್ತಾಯದಿಂದ ಆರಂಭವನ್ನು ನೇರವಾಗಿ ಕಳೆದರೂ 151 ಬರುತ್ತದೆ. ಈ ತಾಳೆಯನ್ನು ಪ್ರತಿ ಸಾಲಕ್ಕೂ ನೋಡಿರಿ.

ಅವಧಿಯ ಕೊನೆಯನ್ನು ಪಡೆಯಲು ಲೀಡ್ ಎಂಬ ವಿಂಡೋ ಫಂಕ್ಷನ್ ಬಳಸಿ ಮುಂದಿನ ಆರಂಭವನ್ನು ಎಳೆದುಕೊಳ್ಳಬಹುದು. ಕೊನೆಯ ಅವಧಿಗೆ ಮುಂದಿನದು ಇಲ್ಲದೆ ನಲ್ (ಖಾಲಿ ಬೆಲೆ) ಬರುವುದರಿಂದ ಅಲ್ಲಿ ಕೋಅಲೆಸ್ ಮೂಲಕ ಸಾಲದ ಮುಕ್ತಾಯವನ್ನು ತುಂಬಬೇಕು. ನಾನು ಲೀಡ್‌ಗಿಂತ ಸರಳವಾದದ್ದನ್ನು ಬಳಸುತ್ತೇನೆ: ಕ್ರಮಸಂಖ್ಯೆಗೆ ಒಂದು ಸೇರಿಸಿ ಮತ್ತೆ ಮೊದಲ ಗೂಟದಿಂದಲೇ ಲೆಕ್ಕ ಹಾಕಿ, ಅದು ಮತ್ತು ಮುಕ್ತಾಯ ಎರಡರಲ್ಲಿ ಚಿಕ್ಕದನ್ನು ಲೀಸ್ಟ್ ಮೂಲಕ ಆರಿಸುತ್ತೇನೆ. ಸಾಲ ತಿಂಗಳ ನಡುವೆ ಮುಗಿದರೆ ಉಳಿಯುವ ತುಂಡು ಅವಧಿಯೂ ಇದರಲ್ಲಿ ಸರಿಯಾಗಿ ಮೊಟಕಾಗುತ್ತದೆ.

ಹಾಲಿನ ಅಳತೆಯ ದಾಖಲೆಗಳನ್ನು ಈ ಅವಧಿಗಳಿಗೆ ಜೋಡಿಸುವಾಗ ಬಿಟ್ವೀನ್ ಬಳಸಬೇಡಿ. ಅದು ಎರಡು ತುದಿಗಳನ್ನೂ ಒಳಗೆ ಸೇರಿಸುತ್ತದೆ. ಕೊನೆಯ ದಿನ ಹೊರಗಿರುವ ಅರ್ಧ ತೆರೆದ ಅವಧಿಗಳಲ್ಲಿ ಅದನ್ನು ಬಳಸಿದರೆ ಗಡಿಯ ದಿನದ ಹಾಲು ಎರಡು ಕಡೆ ಲೆಕ್ಕಕ್ಕೆ ಬರುತ್ತದೆ. ಕೊನೆಯ ದಿನವನ್ನೂ ಒಳಗೊಂಡ ಅವಧಿಗಳಲ್ಲಿ, ದಾಖಲೆಗೆ ಗಂಟೆ ನಿಮಿಷವೂ ಇದ್ದಾಗ, ಕೊನೆಯ ದಿನ ಬೆಳಿಗ್ಗೆ ಆರು ಗಂಟೆಗೆ ಅಳೆದ ಹಾಲು ಯಾವ ಅವಧಿಗೂ ಸೇರದೆ ಹೋಗುತ್ತದೆ, ಏಕೆಂದರೆ ಬರಿಯ ದಿನಾಂಕವನ್ನು ಡೇಟಾಬೇಸ್ ಆ ದಿನದ ನಡುರಾತ್ರಿ ಹನ್ನೆರಡು ಗಂಟೆ ಎಂದು ಓದುತ್ತದೆ.

ರೇಷ್ಮೆಗೂಡು, ಶಿಡ್ಲಘಟ್ಟ

ನಾನು ಎಸ್‌ಕ್ಯೂಎಲ್ ಸರ್ವರ್ ಎಂಬ ಇನ್ನೊಂದು ಡೇಟಾಬೇಸ್ ಬಳಸುವವಳು. ಇಲ್ಲಿ ಒಂದು ಚಾಕಿ (ಎಳೆಯ ರೇಷ್ಮೆಹುಳು) ಸಾಕಣೆ ಕೇಂದ್ರದ ಹಂಚಿಕೆಯ ವೇಳಾಪಟ್ಟಿಯನ್ನು ಮಾಡಿಕೊಟ್ಟೆ. ಮೊಟ್ಟೆ ಒಡೆದ ದಿನದಿಂದ ಎರಡನೇ ಜ್ವರ (ಪೊರೆ ಕಳಚುವ ಹಂತ) ಕಳೆಯುವವರೆಗೆ ಹುಳುಗಳನ್ನು ಕೇಂದ್ರದಲ್ಲಿ ಸಾಕಿ, ಆಮೇಲೆ ರೈತರ ಮನೆಗೆ ಕೊಡುತ್ತಾರೆ. ಇವರಲ್ಲಿ ಮೂರು ದಿನಕ್ಕೊಂದು ತಂಡ ಹೊರಡುತ್ತದೆ. 01-01-2024ರಿಂದ 31-12-2024ರವರೆಗಿನ ಪಟ್ಟಿಗೆ ರಿಕರ್ಸಿವ್ ಸಿಟಿಇ (ತನ್ನ ಹಿಂದಿನ ಫಲಿತಾಂಶವನ್ನೇ ಮತ್ತೆ ಮತ್ತೆ ಬಳಸುವ ಉಪಕ್ವೆರಿ) ಬರೆದೆ. ಹಿಂದಿನ ದಿನಾಂಕಕ್ಕೆ ಡೇಟ್ಆಡ್ ಮೂಲಕ ಮೂರು ದಿನ ಕೂಡಿಸುತ್ತಾ ಹೋಗುವ ಕ್ವೆರಿ ಅದು. ಆರು ತಿಂಗಳಿಗೆ ಹಾಕಿ ನೋಡಿದಾಗ ಸರಿಯಾಗಿತ್ತು. ಇಡೀ ವರ್ಷಕ್ಕೆ ಹಾಕಿದಾಗ ಗರಿಷ್ಠ ರಿಕರ್ಷನ್ 100 ಮುಗಿಯಿತು ಎಂಬ ದೋಷ ತೋರಿಸಿ ನಿಂತಿತು. ನೂರು ಹೆಜ್ಜೆ ಎಂದರೆ ಮುನ್ನೂರು ದಿನ, ಅಂದರೆ ಅಕ್ಟೋಬರ್ 27. ವರ್ಷದ ಕೊನೆ ತಲುಪಲು ಇನ್ನೂ ಇಪ್ಪತ್ತೊಂದು ಹೆಜ್ಜೆ ಬಾಕಿ ಇತ್ತು.

ಕ್ವೆರಿಯ ಕೊನೆಯಲ್ಲಿ ಆಪ್ಷನ್ ಎಂದು ಬರೆದು ಮ್ಯಾಕ್ಸ್‌ರಿಕರ್ಷನ್ ಬೆಲೆಯನ್ನು 32767ರವರೆಗೆ ಏರಿಸಬಹುದು. ಸೊನ್ನೆ ಕೊಟ್ಟರೆ ಮಿತಿಯೇ ಇರುವುದಿಲ್ಲ. ಸೊನ್ನೆ ಕೊಡುವುದನ್ನು ನಾನು ಒಪ್ಪುವುದಿಲ್ಲ. ಅಂತರದ ಅಂಕಣದಲ್ಲಿ ಯಾರಾದರೂ ಕೈತಪ್ಪಿ 0 ತುಂಬಿದರೆ ದಿನಾಂಕ ಮುಂದೆ ಸಾಗದೆ ಕ್ವೆರಿ ನಿಲ್ಲದೆ ಓಡುತ್ತಲೇ ಇರುತ್ತದೆ. ಆ ನೂರರ ಮಿತಿ ಅಂತಹ ವೇಳೆಯಲ್ಲಿ ನಮ್ಮನ್ನು ಕಾಯುತ್ತದೆ. ಪೋಸ್ಟ್‌ಗ್ರೆಸ್‌ನ ಜನರೇಟ್ ಸೀರೀಸ್ ಅಂತರ ಸೊನ್ನೆಯಾದರೆ ದೋಷವನ್ನೇ ತೋರಿಸುತ್ತದೆ, ಅದು ಒಳ್ಳೆಯದು. ಇನ್ನೊಂದು ಅಡಚಣೆ ಎಂದರೆ, ಈ ಆಪ್ಷನ್ನನ್ನು ವ್ಯೂ (ಹೆಸರಿಟ್ಟು ಉಳಿಸಿದ ಕ್ವೆರಿ) ಒಳಗೆ ಬರೆಯಲು ಬರುವುದಿಲ್ಲ, ಆ ವ್ಯೂವನ್ನು ಕರೆಯುವ ಪ್ರತಿ ಕ್ವೆರಿಯಲ್ಲೂ ಬರೆಯಬೇಕಾಗುತ್ತದೆ.

ಆದ್ದರಿಂದ ಸೊನ್ನೆಯಿಂದ ಹತ್ತು ಸಾವಿರದವರೆಗಿನ ಅಂಕಿಗಳನ್ನು ತುಂಬಿದ ಒಂದು ಚಿಕ್ಕ ಕೋಷ್ಟಕವನ್ನು ಒಮ್ಮೆಗೇ ಮಾಡಿಟ್ಟುಕೊಂಡು, ಆ ಅಂಕಿಯನ್ನು ಮೂರರಿಂದ ಗುಣಿಸಿ ಆರಂಭದ ದಿನಕ್ಕೆ ಕೂಡಿಸುವಂತೆ ಬದಲಿಸಿದೆ. 2022ರ ಆವೃತ್ತಿಯಿಂದ ಎಸ್‌ಕ್ಯೂಎಲ್ ಸರ್ವರ್‌ನಲ್ಲೂ ಜನರೇಟ್ ಸೀರೀಸ್ ಇದೆ. ಆದರೆ ಅದು ಅಂಕಿಗಳನ್ನು ಮಾತ್ರ ಹುಟ್ಟಿಸುತ್ತದೆ, ದಿನಾಂಕಗಳನ್ನಲ್ಲ. ಡೇಟಾಬೇಸಿನ ಹೊಂದಾಣಿಕೆಯ ಮಟ್ಟವೂ 160 ಆಗಿರಬೇಕು. ತುಮಕೂರಿನವರು ಹೇಳಿದ ಮಾತನ್ನು ಓದಿದ ಮೇಲೆ, ಅಂಕಿಗಳನ್ನು ಮಾತ್ರ ಕೊಡುವುದೇ ಒಳ್ಳೆಯದಾಯಿತು ಎನಿಸುತ್ತದೆ.

ದಿನ ಮತ್ತು ವಾರದ ಅಂತರದಲ್ಲಿ ಯಾವ ವಿಧಾನದಲ್ಲಿ ಹೋದರೂ ತಾರೀಖು ಜಾರುವುದಿಲ್ಲ. ಜಾರುವುದು ತಿಂಗಳು ಮತ್ತು ವರ್ಷದ ಅಂತರದಲ್ಲಿ.

ತೆಂಗಿನತೋಟ, ತುಮಕೂರು

ವರ್ಷದ ಮಾತು ಬಂದದ್ದು ಒಳ್ಳೆಯದಾಯಿತು. ಹಸುವಿನ ವಿಮೆ 29-02-2024ರಂದು ಆರಂಭವಾಗಿದೆ ಎಂದುಕೊಳ್ಳಿ. ಹಿಂದಿನ ದಿನಾಂಕಕ್ಕೆ ಒಂದೊಂದು ವರ್ಷ ಕೂಡಿಸುತ್ತಾ ಹೋದರೆ 2025ರಲ್ಲಿ ಫೆಬ್ರವರಿ 28ಕ್ಕೆ ಇಳಿದದ್ದು 2028ರ ಅಧಿಕ ವರ್ಷದಲ್ಲಿಯೂ 28ರಲ್ಲೇ ಉಳಿಯುತ್ತದೆ. ಗೂಟದಿಂದ ನಾಲ್ಕು ವರ್ಷ ಎಣಿಸಿದರೆ 29-02-2028 ಸಿಗುತ್ತದೆ.

ಮಾವಿನಮರ, ಶ್ರೀನಿವಾಸಪುರ

ನನ್ನ ಗ್ರಾಹಕರೊಬ್ಬರ ಸರ್ವರಿನಲ್ಲಿ ಇನ್ನೂ ಮೈಎಸ್‌ಕ್ಯೂಎಲ್ 5.7 ಇದೆ. ಸಿಟಿಇ ಬಂದದ್ದು 8.0ರಲ್ಲಿ, ಆದ್ದರಿಂದ ರಿಕರ್ಷನ್ ದಾರಿಯೇ ನನಗಿಲ್ಲ. ಸೊನ್ನೆಯಿಂದ ಒಂಬತ್ತರವರೆಗಿನ ಹತ್ತು ಅಂಕಿಗಳನ್ನು ಯೂನಿಯನ್ ಮೂಲಕ ಬರೆದು, ಆ ಹತ್ತನ್ನು ಬಿಡಿ, ಹತ್ತು, ನೂರು ಎಂಬ ಮೂರು ಸ್ಥಾನಗಳಿಗೆ ಕ್ರಾಸ್ ಜಾಯಿನ್ (ಪ್ರತಿಯೊಂದನ್ನೂ ಪ್ರತಿಯೊಂದರ ಜೊತೆ ಜೋಡಿಸುವುದು) ಮಾಡಿ 0ರಿಂದ 999ರವರೆಗೆ ಸಾವಿರ ಅಂಕಿ ಪಡೆಯುತ್ತೇನೆ. ಶಾಲೆಯಲ್ಲಿ ಕಲಿತ ಸ್ಥಾನಬೆಲೆಯ ಪಟ್ಟಿಯೇ ಅದು. ತಿಂಗಳ ಕಂತಿಗೆ ಸಾವಿರ ಎಂದರೆ ಎಂಬತ್ತಕ್ಕೂ ಹೆಚ್ಚು ವರ್ಷ, ಧಾರಾಳವಾಗಿ ಸಾಕು. 8.0ಕ್ಕೆ ಹೋದವರೂ ಅಲ್ಲಿ ರಿಕರ್ಷನ್ನಿನ ಮಿತಿ ಮೊದಲಿಗೆ 1000 ಇರುವುದನ್ನು ನೆನಪಿಟ್ಟುಕೊಳ್ಳಲಿ. ದಿನವಹಿ ಪಟ್ಟಿಯಾದರೆ ಮೂರು ವರ್ಷ ತುಂಬುವ ಮೊದಲೇ ಆ ಮಿತಿ ಎದುರಾಗುತ್ತದೆ.

ಮೊಬೈಲ್ ಆ್ಯಪ್‌ನಲ್ಲಿ ಎಸ್‌ಕ್ಯೂಲೈಟ್ ಇಟ್ಟುಕೊಂಡವರಿಗೆ ಬೇರೊಂದು ಎಚ್ಚರಿಕೆ ಬೇಕು. ಅಲ್ಲಿ 31-01-2024ಕ್ಕೆ ಒಂದು ತಿಂಗಳು ಕೂಡಿಸಿದರೆ ಫೆಬ್ರವರಿ 29 ಬರುವುದಿಲ್ಲ, ಮಾರ್ಚ್ 2 ಬರುತ್ತದೆ. ಅದು ಫೆಬ್ರವರಿ 31 ಎಂದು ಬರೆದುಕೊಂಡು, ಹೆಚ್ಚಾದ ಎರಡು ದಿನಗಳನ್ನು ಮುಂದಿನ ತಿಂಗಳಿಗೆ ಹೊರಳಿಸುತ್ತದೆ. ಗೂಟದಿಂದಲೇ ಎಣಿಸಿದರೂ ಫೆಬ್ರವರಿಯ ಕಂತು ಮಾರ್ಚಿಗೆ ಹೋಗುತ್ತದೆ. 3.46ರ ಆವೃತ್ತಿಯಲ್ಲಿ ಬಂದ ಫ್ಲೋರ್ ಎಂಬ ಮಾರ್ಪಾಡನ್ನು ಸೇರಿಸಿದರೆ ಫೆಬ್ರವರಿ 29 ಸಿಗುತ್ತದೆ. ಹಳೆಯ ಆವೃತ್ತಿಯಲ್ಲಿ, ಆ ತಿಂಗಳ ಕೊನೆಯ ದಿನವನ್ನು ಬೇರೆಯಾಗಿ ಕಂಡುಹಿಡಿದು ಎರಡರಲ್ಲಿ ಚಿಕ್ಕದನ್ನು ಆರಿಸಿಕೊಳ್ಳಬೇಕು.

ಕಲ್ಪತರು, ತಿಪಟೂರು

ಒರಾಕಲ್ ಬಳಸುವವನಾಗಿ ಒಂದು ಪ್ರಶ್ನೆ ಎತ್ತುತ್ತೇನೆ. ಅಲ್ಲಿಯ ಆ್ಯಡ್ ಮಂತ್ಸ್ ಫಂಕ್ಷನ್‌ಗೆ ತಿಂಗಳ ಕೊನೆಯ ದಿನವನ್ನು ಕೊಟ್ಟರೆ ಉತ್ತರವೂ ತಿಂಗಳ ಕೊನೆಯ ದಿನವೇ ಆಗಿರುತ್ತದೆ. 28-02-2023ಕ್ಕೆ ಒಂದು ತಿಂಗಳು ಕೂಡಿಸಿದರೆ 31-03-2023 ಬರುತ್ತದೆ. ಪೋಸ್ಟ್‌ಗ್ರೆಸ್ ಆಗಿದ್ದರೆ 28-03-2023 ಕೊಡುತ್ತಿತ್ತು. ಒರಾಕಲ್‌ನಲ್ಲೇ ಇಂಟರ್ವಲ್ ಬಳಸಿ ಜನವರಿ 31ಕ್ಕೆ ಒಂದು ತಿಂಗಳು ಕೂಡಿಸಲು ಹೋದರೆ ಅಂಥ ದಿನಾಂಕವೇ ಇಲ್ಲವೆಂದು ದೋಷ ಬರುತ್ತದೆ. ಹಾಗಾದರೆ 30-04-2024ರಂದು ಪಡೆದ ಸಾಲದ ಮುಂದಿನ ಕಂತು ಮೇ 30ಕ್ಕೋ, ಮೇ 31ಕ್ಕೋ? ಒರಾಕಲ್ 31 ಎನ್ನುತ್ತದೆ, ಉಳಿದವು 30 ಎನ್ನುತ್ತವೆ. ಈ ತೀರ್ಮಾನವನ್ನು ಡೇಟಾಬೇಸಿಗೆ ಬಿಡಬಾರದು. ಸಾಲ ಕೊಟ್ಟವರು "ಪ್ರತಿ ತಿಂಗಳ ಮೂವತ್ತನೇ ತಾರೀಖು" ಎಂದು ಬರೆದುಕೊಟ್ಟಿದ್ದಾರೋ, "ಪ್ರತಿ ತಿಂಗಳ ಕೊನೆಯ ದಿನ" ಎಂದು ಬರೆದುಕೊಟ್ಟಿದ್ದಾರೋ ಎಂಬುದನ್ನು ಪತ್ರದಲ್ಲಿ ನೋಡಿ, ಕೋಷ್ಟಕದಲ್ಲಿ ಅದಕ್ಕೆಂದೇ ಒಂದು ಅಂಕಣ ಇಡಬೇಕು. ಬರಿಯ 30-04-2024 ಎಂಬ ದಿನಾಂಕವನ್ನು ನೋಡಿ ಆ ಉದ್ದೇಶವನ್ನು ಯಾವ ಫಂಕ್ಷನ್ನೂ ಊಹಿಸಲಾರದು.

ಹಾಲಿನ ಲೆಕ್ಕ, ಕೋಲಾರ

ಸಂಘದ ಕಾರ್ಯದರ್ಶಿಯವರನ್ನು ಕೇಳಿದೆ. ಸಾಲದ ಪತ್ರದಲ್ಲಿ ತಾರೀಖನ್ನೇ ನಮೂದಿಸಿದ್ದಾರೆ, ತಿಂಗಳ ಕೊನೆ ಎಂಬ ಮಾತಿಲ್ಲ. ಹಾಗಾಗಿ ಏಪ್ರಿಲ್ 30ರ ಸಾಲಕ್ಕೆ ಮೇ 30. ಆದರೂ ಅಂಕಣವನ್ನು ಸೇರಿಸಿಟ್ಟಿದ್ದೇನೆ.

ಹಾಲಿನ ಬಟವಾಡೆಯದು ಬೇರೆಯೇ ಲೆಕ್ಕ. 1ರಿಂದ 15, 16ರಿಂದ ತಿಂಗಳ ಕೊನೆ ಎಂದು ತಿಂಗಳಿಗೆ ಎರಡು ಬಿಲ್ಲು. ಹಿಂದೊಮ್ಮೆ ಹದಿನೈದು ದಿನದ ಅಂತರ ಕೊಟ್ಟು 2024ಕ್ಕೆ ಅವಧಿಗಳನ್ನು ಹುಟ್ಟಿಸಿದಾಗ ಜನವರಿ 1, ಜನವರಿ 16, ಜನವರಿ 31, ಫೆಬ್ರವರಿ 15 ಎಂದು ಹೋಗಿ, ವರ್ಷಕ್ಕೆ 24ರ ಬದಲು 25 ಬಿಲ್ಲುಗಳಾಗಿದ್ದವು. ಇದಕ್ಕೆ ಸರಿಯಾದ ದಾರಿ ಯಾವುದು?

ಕ್ಯಾಲೆಂಡರ್, ಗೌರಿಬಿದನೂರು

ಅದು ಹದಿನೈದು ದಿನದ ಅಂತರವೇ ಅಲ್ಲ. ಒಂದು ತಿಂಗಳನ್ನು ಎರಡಾಗಿ ಸೀಳಿದ್ದು. ಎರಡನೇ ಭಾಗ ಫೆಬ್ರವರಿಯಲ್ಲಿ 13 ಅಥವಾ 14 ದಿನ, ಜನವರಿಯಲ್ಲಿ 16 ದಿನ. ತಿಂಗಳ ಮೊದಲ ದಿನಗಳನ್ನು ಮಾತ್ರ ಹುಟ್ಟಿಸಿ, ಪ್ರತಿ ತಿಂಗಳಿಗೂ ಎರಡು ದಾಖಲೆಗಳನ್ನು ಕ್ರಾಸ್ ಜಾಯಿನ್ ಮಾಡಿರಿ. ಒಂದು ಮೊದಲ ದಿನದಿಂದ ಹದಿನೈದು ದಿನ ಮುಂದಿನವರೆಗೆ, ಇನ್ನೊಂದು ಅಲ್ಲಿಂದ ಮುಂದಿನ ತಿಂಗಳ ಮೊದಲ ದಿನದವರೆಗೆ. ಕೊನೆಯ ದಿನ ಹೊರಗೆ ಎಂಬ ನಿಯಮ ಇಲ್ಲಿಯೂ ಇರುವುದರಿಂದ ಫೆಬ್ರವರಿ ಎಷ್ಟು ದಿನದ್ದು ಎಂದು ಕೇಳುವ ಪ್ರಸಂಗವೇ ಬರುವುದಿಲ್ಲ. ಸದಸ್ಯರು ತಿಂಗಳ ನಡುವೆ ಸೇರಿದ್ದರೆ ಅವರ ಆರಂಭ ಮತ್ತು ಅವಧಿಯ ಆರಂಭ ಎರಡರಲ್ಲಿ ದೊಡ್ಡದನ್ನು ಗ್ರೇಟೆಸ್ಟ್ ಮೂಲಕ ಹಿಡಿಯಬೇಕು.

ಇದರ ಜೊತೆಗೆ, ಅಂಕಿಗಳ ಕೋಷ್ಟಕ ಸಾಕು ಎಂಬ ಅಭಿಪ್ರಾಯವನ್ನು ನಾನು ಪೂರ್ತಿಯಾಗಿ ಒಪ್ಪುವುದಿಲ್ಲ. ಹಣ ಬ್ಯಾಂಕಿನ ಮೂಲಕ ಹೋಗುವುದಾದರೆ ರಜಾದಿನಗಳು ಬೇಕೇ ಬೇಕು. 2015ರ ಸೆಪ್ಟೆಂಬರ್ 1ರಿಂದ ಬ್ಯಾಂಕುಗಳಿಗೆ ಎರಡನೇ ಮತ್ತು ನಾಲ್ಕನೇ ಶನಿವಾರ ರಜೆ. ಅದನ್ನು ಸೂತ್ರದಿಂದ ಲೆಕ್ಕ ಹಾಕಬಹುದು. ಆದರೆ ಯುಗಾದಿ, ರಂಜಾನ್, ಗೌರಿ ಗಣೇಶ ಹಬ್ಬ ಪ್ರತಿ ವರ್ಷ ಬೇರೆ ಬೇರೆ ತಾರೀಖಿಗೆ ಬರುತ್ತವೆ, ಅವುಗಳಿಗೆ ತಿಂಗಳು ಕೂಡಿಸುವ ಸೂತ್ರವಿಲ್ಲ. ದಿನಕ್ಕೊಂದು ದಾಖಲೆಯ ಕ್ಯಾಲೆಂಡರ್ ಕೋಷ್ಟಕವನ್ನು ಮಾಡಿ, ಅದರಲ್ಲಿ ಕೆಲಸದ ದಿನ ಹೌದೋ ಅಲ್ಲವೋ ಎಂದು ವರ್ಷಕ್ಕೊಮ್ಮೆ ಕೈಯಿಂದಲೇ ತುಂಬಿರಿ. ಇಪ್ಪತ್ತು ವರ್ಷಕ್ಕೆ ಏಳು ಸಾವಿರದ ಮುನ್ನೂರು ಚಿಲ್ಲರೆ ದಾಖಲೆಗಳು, ಡೇಟಾಬೇಸಿಗೆ ಅದು ಭಾರವೇ ಅಲ್ಲ.

ಈ ಕೋಷ್ಟಕವನ್ನು ಬಳಸುವಾಗ ಮೊದಲಿನ ತಪ್ಪೇ ಇನ್ನೊಂದು ರೂಪದಲ್ಲಿ ಬರುವುದನ್ನು ನೋಡಿದ್ದೇನೆ. ಕಂತಿನ ದಿನ ಭಾನುವಾರ ಬಿದ್ದರೆ ಸೋಮವಾರಕ್ಕೆ ಸರಿಸುತ್ತಾರೆ, ಸರಿ. ಮುಂದಿನ ತಿಂಗಳ ಕಂತನ್ನು ಆ ಸೋಮವಾರದಿಂದ ಎಣಿಸಿದರೆ ತಾರೀಖು ಪ್ರತಿ ಸಲವೂ ಒಂದೊಂದು ದಿನ ಮುಂದಕ್ಕೆ ತೆವಳುತ್ತದೆ. ಆದ್ದರಿಂದ ಪತ್ರದ ಪ್ರಕಾರದ ದಿನ ಒಂದು ಅಂಕಣದಲ್ಲಿ, ಹಣ ಮುರಿದ ದಿನ ಇನ್ನೊಂದು ಅಂಕಣದಲ್ಲಿ ಇರಲಿ. ಎರಡನೆಯದು ಮೊದಲನೆಯದರಿಂದ ಹುಟ್ಟಬೇಕು, ಮುಂದಿನ ಕಂತು ಅದರಿಂದ ಹುಟ್ಟಬಾರದು.

ರೇಷ್ಮೆಗೂಡು, ಶಿಡ್ಲಘಟ್ಟ

ಪೋಸ್ಟ್‌ಗ್ರೆಸ್‌ನವರಿಗೆ ಒಂದು ಮಾತು ಸೇರಿಸುತ್ತೇನೆ, ನಮ್ಮ ಜೊತೆ ಕೆಲಸ ಮಾಡುವವರು ಇದರಲ್ಲಿ ಒಂದು ಇಡೀ ದಿನ ಕಳೆದರು. ಜನರೇಟ್ ಸೀರೀಸ್‌ಗೆ ಬರಿಯ ದಿನಾಂಕಗಳನ್ನು ಕೊಟ್ಟರೂ ಅದು ಟೈಮ್ ಝೋನ್ ಸಹಿತ ಸಮಯವನ್ನು ಹಿಂದಿರುಗಿಸುತ್ತದೆ. ಡೇಟಾಬೇಸ್ ಭಾರತದ ಸಮಯದಲ್ಲಿದ್ದು ಆ್ಯಪ್ ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಓದಿದರೆ, ಇಲ್ಲಿಯ ನಡುರಾತ್ರಿ ಅಲ್ಲಿ ಹಿಂದಿನ ದಿನದ ಸಂಜೆ 6.30 ಆಗಿ, ಪಟ್ಟಿಯ ಎಲ್ಲ ದಿನಾಂಕಗಳೂ ಒಂದು ದಿನ ಹಿಂದೆ ಕಾಣುತ್ತವೆ. ಫಲಿತಾಂಶವನ್ನು ಅಲ್ಲಿಯೇ ಡೇಟ್ ಪ್ರಕಾರಕ್ಕೆ ಬದಲಿಸಿಕೊಂಡರೆ ಈ ತೊಂದರೆ ಇರುವುದಿಲ್ಲ.

ಹಾಲಿನ ಲೆಕ್ಕ, ಕೋಲಾರ

ಎಲ್ಲರ ಸಲಹೆಗಳನ್ನೂ ಸೇರಿಸಿ ಕ್ವೆರಿಯನ್ನು ಹೊಸದಾಗಿ ಬರೆದು, ಹಳೆಯ ಮತ್ತು ಹೊಸ ಫಲಿತಾಂಶಗಳನ್ನು ಎಕ್ಸೆಪ್ಟ್ ಮೂಲಕ ಹೋಲಿಸಿದೆ. ವ್ಯತ್ಯಾಸ ಬಂದ ಪ್ರತಿ ಸಾಲದ ಆರಂಭದ ತಾರೀಖೂ 29, 30 ಅಥವಾ 31 ಆಗಿತ್ತು. 28 ಮತ್ತು ಅದಕ್ಕಿಂತ ಮೊದಲಿನ ತಾರೀಖುಗಳು ಎಲ್ಲ ತಿಂಗಳಲ್ಲೂ ಇರುವುದರಿಂದ ಅಲ್ಲಿ ಎರಡೂ ವಿಧಾನಗಳು ಒಂದೇ ಉತ್ತರ ಕೊಡುತ್ತವೆ. ಇಷ್ಟು ದಿನ ಈ ತಪ್ಪು ಯಾರ ಕಣ್ಣಿಗೂ ಬೀಳದೆ ಉಳಿದದ್ದು ಅದರಿಂದಲೇ.

ಕೊನೆಯದಾಗಿ ಒಂದು ಸಂದೇಹ ಉಳಿದಿದೆ. ಸಾಲದ ನಡುವೆ ಸದಸ್ಯರು ಕಂತಿನ ತಾರೀಖನ್ನು 31ರಿಂದ 10ಕ್ಕೆ ಬದಲಿಸಿಕೊಡಿ ಎಂದು ಕೇಳಿದರೆ ಆರಂಭದ ದಿನಾಂಕವನ್ನೇ ತಿದ್ದಬೇಕೇ?

ತೆಂಗಿನತೋಟ, ತುಮಕೂರು

ತಿದ್ದಬೇಡಿ. ತಿದ್ದಿದರೆ ಈಗಾಗಲೇ ಕಟ್ಟಿದ ಕಂತುಗಳ ದಿನಾಂಕಗಳೂ ಬದಲಾಗಿ ಪಾಸ್‌ಬುಕ್ಕಿಗೂ ಡೇಟಾಬೇಸಿಗೂ ತಾಳೆಯಾಗುವುದಿಲ್ಲ. ವೇಳಾಪಟ್ಟಿಗೆಂದು ಪ್ರತ್ಯೇಕ ಕೋಷ್ಟಕ ಮಾಡಿ, ಹಳೆಯ ದಾಖಲೆಯನ್ನು ಬದಲಾವಣೆಯ ದಿನಕ್ಕೆ ಮುಗಿಸಿ, ಹೊಸ ಗೂಟದೊಂದಿಗೆ ಇನ್ನೊಂದು ದಾಖಲೆ ಸೇರಿಸಿರಿ. ಒಂದೇ ಸಾಲದ ಎರಡು ದಾಖಲೆಗಳು ಒಂದರ ಮೇಲೊಂದು ಬೀಳದಂತೆ ಡೇಟ್ ರೇಂಜ್ ಮೇಲೆ ಎಕ್ಸ್‌ಕ್ಲೂಷನ್ ನಿರ್ಬಂಧ ಹಾಕಿರಿ. ಸಾಲದ ಸಂಖ್ಯೆಯನ್ನೂ ಅದರಲ್ಲಿ ಸೇರಿಸಲು ಬಿಟ್ರೀ ಜಿಸ್ಟ್ ಎಕ್ಸ್‌ಟೆನ್ಷನ್ ಬೇಕಾಗುತ್ತದೆ. ರೇಂಜ್ ಪ್ರಕಾರವೂ ತಾನಾಗಿಯೇ ಆರಂಭ ಒಳಗೆ, ಕೊನೆ ಹೊರಗೆ ಎಂಬ ನಿಯಮವನ್ನೇ ಪಾಲಿಸುತ್ತದೆ.

ಹಾಲಿನ ಲೆಕ್ಕ, ಕೋಲಾರ

ಹಾಗೆಯೇ ಮಾಡಿದೆ, ನಿರ್ಬಂಧವೂ ಕೆಲಸ ಮಾಡುತ್ತಿದೆ. ಆ ತಾಯಿಯ ಪಾಸ್‌ಬುಕ್ಕಿನಲ್ಲಿ ಮಾರ್ಚ್ 29ನ್ನು ಹೊಡೆದುಹಾಕಿ 31 ಎಂದು ಬರೆದು, ಎರಡು ದಿನದ ಬಡ್ಡಿಯ ವ್ಯತ್ಯಾಸವನ್ನು ಪಕ್ಕದಲ್ಲಿ ನಮೂದಿಸಿ, ಕಾರ್ಯದರ್ಶಿಯವರು ಸಹಿ ಹಾಕಿಕೊಟ್ಟರು. ಉಳಿದ ಸದಸ್ಯರ ಪಾಸ್‌ಬುಕ್ಕುಗಳನ್ನು ಈ ಬಟವಾಡೆಯ ದಿನ ತರಿಸಿಕೊಂಡು ತಿದ್ದಲಿದ್ದೇವೆ.